ಬಾಯಿ ತೆಗೆಯಿರಿ, ನೋಡೋಣ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಕನ್ನಡ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹರೂಪ)

 

ಮೊದಲಿಗೇ ಒಂದು ವಿನಂತಿ. ನನ್ನ ಮಾತು ಕೆಲವು ಕಡೆ ಸ್ಪಷ್ಟವಾಗಿ ಕೇಳಿಸುವುದಿಲ್ಲ. ಕೆಲವು ಅಕ್ಷರಗಳು ತೊದಲುತ್ತವೆ. ಬಾಯಿ ಪೂರ್ತಿ ತೆರೆಯುವುದಿಲ್ಲ. ಹಳಬರಿಗೆ ಗೊತ್ತಿದೆ, ಇದೇ ಗೋಷ್ಠಿಯಲ್ಲಿ ಹನ್ನೊಂದು ವರ್ಷ ಪ್ರಾರ್ಥನೆಯ ವಚನ ಹಾಡುತ್ತಿದ್ದವಳು ನಾನು. ಈಗ ಆ ಕೆಲಸವನ್ನು ಹುಡುಗಿಯರು ಚೆನ್ನಾಗಿ ಮಾಡುತ್ತಿದ್ದಾರೆ. ಅರ್ಥವಾಗದಿದ್ದರೆ ಕೈ ಎತ್ತಿ, ಇನ್ನೊಮ್ಮೆ ಹೇಳುತ್ತೇನೆ. ಮೂವತ್ತೊಂದು ವರ್ಷ ಪಾಠ ಮಾಡಿದವಳಿಗೆ ಎರಡು ಸಲ ಹೇಳುವುದು ಕಷ್ಟವಲ್ಲ.

ಹೋದ ತಿಂಗಳು ಗುರುಗಳು, "ಅಕ್ಕಾವರೇ, ಮುಂದಿನ ಸಲ ನೀವು ಮಾತಾಡಬೇಕು" ಅಂದರು. ವಚನಗಳ ಬಗ್ಗೆಯೋ ಎಂದು ಕೇಳಿದೆ. "ಅಲ್ಲ, ನಿಮಗೆ ಆದದ್ದರ ಬಗ್ಗೆ" ಅಂದರು. ನನಗೆ ಸಂಕೋಚವಾಯಿತು. ರೋಗದ ಕಥೆ ಹೇಳಲು ಗೋಷ್ಠಿ ಬೇಕೆ ಅನಿಸಿತು. ಆಮೇಲೆ ಯೋಚಿಸಿದೆ. ಅನುಭವ ಮಂಟಪ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ನಾವು. ಅಲ್ಲಿ ಬಟ್ಟೆ ಮಡಿ ಮಾಡುವವರೂ ಮಾತಾಡಿದರು, ಹೆಣ್ಣುಮಕ್ಕಳೂ ಮಾತಾಡಿದರು, ಕೇಳುವ ಕಿವಿಗಳೂ ಇದ್ದವು. ಹಾಗಾದರೆ ನನ್ನ ಮೈಗೆ ಆದದ್ದನ್ನು ನಾನು ಇಲ್ಲಿ ಹೇಳದೆ ಇನ್ನೆಲ್ಲಿ ಹೇಳಲಿ?

ಆಗ ನನಗೆ 58 ವರ್ಷ, ನಿವೃತ್ತಿಗೆ ಎರಡು ವರ್ಷ ಇತ್ತು. ದೀಪಾವಳಿಯ ಮಾರನೆಯ ದಿನ ರೊಟ್ಟಿ, ಕೆಂಪು ಚಟ್ನಿ ಊಟ ಮಾಡುತ್ತಿದ್ದೆ. ಬಾಯಿಗೆ ಕೆಂಡ ಇಟ್ಟ ಹಾಗಾಯಿತು. ಚಟ್ನಿಗೆ ಖಾರ ಜಾಸ್ತಿ ಆಗಿದೆ ಎಂದು ಸೊಸೆಗೆ ಅಂದೆ. ಮನೆಯವರೆಲ್ಲ ಅದೇ ಚಟ್ನಿ ಉಂಡಿದ್ದರು, ಯಾರಿಗೂ ಏನೂ ಆಗಿರಲಿಲ್ಲ. ಮರುದಿನ ಸಾರು ಉರಿಯಿತು. ವಾರ ಕಳೆಯುವುದರೊಳಗೆ ಬಿಸಿ ಚಹಾ ಕುಡಿಯಲೂ ಆಗದು. ಮಜ್ಜಿಗೆ ಅನ್ನ, ಹಾಲು ಅನ್ನ, ಇಷ್ಟರಲ್ಲೇ ದಿನ ಕಳೆಯಿತು. ಎಡಗೆನ್ನೆಯ ಒಳಗೆ ನಾಲಗೆ ಆಡಿಸಿದರೆ ಏನೋ ಒರಟು, ಸುಣ್ಣ ಬಳಿದ ಗೋಡೆ ಮುಟ್ಟಿದ ಹಾಗೆ.

ತಿಂಗಳಾದ ಮೇಲೆ ನಮ್ಮೂರಿನ ವೈದ್ಯರ ಹತ್ತಿರ ಹೋದೆ. ಒಳ್ಳೆಯವರು, ನಮ್ಮ ಮಕ್ಕಳ ಜ್ವರ, ನೆಗಡಿ ನೋಡಿದವರು. ಅಂದು ಹೊರಗೆ ನಲವತ್ತು ಜನ ಕೂತಿದ್ದರು. "ಬಾಯಿ ಹುಣ್ಣಾ ಮೇಡಂ? ನಿದ್ದೆಗೆಟ್ಟಿರ್ತೀರಿ. ಬಿ ಕಾಂಪ್ಲೆಕ್ಸ್ ತಗೊಳ್ಳಿ" ಎಂದು ಬರೆದುಕೊಟ್ಟರು. ಎರಡು ನಿಮಿಷವೂ ಆಗಿರಲಿಲ್ಲ. ಮಾತ್ರೆ ಮುಗಿಯಿತು, ಉರಿ ಮುಗಿಯಲಿಲ್ಲ. ಎರಡನೆಯವರು ಗ್ಯಾಸ್ ಎಂದರು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ಕೊಟ್ಟರು. ಮೂರನೆಯವರು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಇಲ್ಲ, ರಕ್ತ ಸ್ವಲ್ಪ ಕಡಿಮೆ. ಟಾನಿಕ್ ಕೊಟ್ಟರು. ನಾಲ್ಕನೆಯವರು ದೊಡ್ಡ ಊರಿನ ತಜ್ಞರು. "ಮುಟ್ಟು ನಿಂತ ಮೇಲೆ ಕೆಲವು ಹೆಂಗಸರಿಗೆ ಹೀಗಾಗುತ್ತೆ, ಚಿಂತೆ ಮಾಡಬೇಡಿ" ಎಂದರು. ಐದನೆಯವರು ನನ್ನ ಜೊತೆ ಮಾತಾಡಲೇ ಇಲ್ಲ. ನನ್ನ ಪಕ್ಕದಲ್ಲಿದ್ದ ನಮ್ಮ ಯಜಮಾನರ ಕಡೆ ತಿರುಗಿ, "ಅಮ್ಮನವರಿಗೆ ಸ್ವಲ್ಪ ಆತಂಕ ಜಾಸ್ತಿ. ರಾತ್ರಿ ನಿದ್ದೆ ಬರಲಿ ಅಂತ ಒಂದು ಮಾತ್ರೆ ಬರೀತೀನಿ" ಅಂದರು. ಉರಿ ನನ್ನ ಬಾಯಲ್ಲಿ, ಉತ್ತರ ಮಾತ್ರ ಯಜಮಾನರಿಗೆ!

ಬಸ್ಸಿನಲ್ಲಿ ಬರುವಾಗ ಯಜಮಾನರು ಕೇಳಿದರು: "ನಿಜವಾಗ್ಲೂ ಉರಿಯುತ್ತಾ, ಅಥವಾ ನಿವೃತ್ತಿ ಹತ್ರ ಬಂತು ಅಂತ ಮನಸ್ಸಿಗೆ ಏನಾದ್ರೂ...?" ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಐದು ಜನ ಓದಿದವರು ಏನೂ ಇಲ್ಲ ಎಂದಮೇಲೆ ಆರನೆಯವರಿಗೆ ಅನುಮಾನ ಬರುವುದು ಸಹಜ. ನನಗೇ ನನ್ನ ಮೇಲೆ ಅನುಮಾನ ಬಂತು. ಮೈಯಲ್ಲಿ ನೋವಿದ್ದೂ ಅದು ಸುಳ್ಳಿರಬಹುದೇ ಎಂದು ತಾನೇ ಯೋಚಿಸುವ ಸ್ಥಿತಿ ಇದೆಯಲ್ಲ, ಅದು ನೋವಿಗಿಂತ ದೊಡ್ಡದು. ಆಮೇಲೆ ನಾನು ಯಾರಿಗೂ ಹೇಳುವುದನ್ನು ಬಿಟ್ಟೆ. ತುತ್ತು ಚಿಕ್ಕದು ಮಾಡಿಕೊಂಡೆ. ಮದುವೆ ಮನೆಗಳಲ್ಲಿ ಪಂಕ್ತಿಯ ಕೊನೆಗೆ ಕೂರುತ್ತಿದ್ದೆ, ಎಲೆಯಲ್ಲಿ ಬಿಟ್ಟದ್ದು ಯಾರಿಗೂ ಕಾಣದಿರಲಿ ಎಂದು.

ಈ ಮಠದಲ್ಲಿ ನಿಂತು ಇನ್ನೊಂದನ್ನು ಮುಚ್ಚಿಡಬಾರದು. ನೆರೆಮನೆಯವರೊಬ್ಬರು, "ಇದು ಸರ್ಪದೋಷ, ಒಬ್ಬರು ಇದ್ದಾರೆ, ನೋಡ್ಕೊಂಡು ಬರೋಣ" ಅಂದರು. ಜಾತಕ, ದೋಷ, ಶಾಂತಿ ಇವೆಲ್ಲ ಶರಣರ ದಾರಿಯಲ್ಲ ಎಂದು ಇದೇ ವೇದಿಕೆಯ ಮೇಲೆ ಎಷ್ಟು ಸಲ ಮಾತಾಡಿದವಳು ನಾನು. ಆದರೂ ಹೋದೆ. ಕೈಗೆ ದಾರ ಕಟ್ಟಿಸಿಕೊಂಡು ಬಂದೆ. ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡಿದೆ. ಈಗ ನಾಚಿಕೆಯಾಗುತ್ತದೆ. ಆದರೆ ಯಾಕೆ ಹೋದೆ ಎಂದು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಆ ಮನುಷ್ಯ ಮುಕ್ಕಾಲು ಗಂಟೆ ನನ್ನ ಮಾತು ಕೇಳಿದ. ಯಾವಾಗ ಶುರುವಾಯಿತು, ಯಾವ ಕಡೆ, ಊಟಕ್ಕೆ ಏನು ಮಾಡುತ್ತೀರಿ, ಎಲ್ಲ ಕೇಳಿದ. ಹೇಳಿದ್ದು ಸುಳ್ಳು, ಆದರೆ ಕೇಳಿದ್ದು ನಿಜ. ವೈದ್ಯರ ಕೋಣೆಯಲ್ಲಿ ಕೇಳುವವರಿಲ್ಲದಿದ್ದರೆ ಜನ ಕೇಳುವವರ ಕಡೆ ಹೋಗುತ್ತಾರೆ. ನಾವು ಮೂಢನಂಬಿಕೆಯ ವಿರುದ್ಧ ಎಷ್ಟು ಭಾಷಣ ಮಾಡಿದರೂ ಈ ಬಾಗಿಲು ಮುಚ್ಚುವುದಿಲ್ಲ. ನಮ್ಮ ಸುಧಾರಕರು ಇದನ್ನು ಗಮನಿಸಬೇಕು.

ಹೀಗೆ 14 ತಿಂಗಳು ಕಳೆಯಿತು. ದವಡೆಯ ಒಂದು ಹಲ್ಲು ಮುರಿಯಿತು. ಅದನ್ನು ಕೀಳಿಸಲು ದಂತ ವೈದ್ಯಕೀಯ ಕಾಲೇಜಿಗೆ ಹೋದೆ, ಅಲ್ಲಿ ಖರ್ಚು ಕಡಿಮೆ ಎಂದು. ಅಲ್ಲಿದ್ದವಳು ಓದು ಮುಗಿಸಿ ತರಬೇತಿಯಲ್ಲಿದ್ದ ಒಬ್ಬ ಹುಡುಗಿ. ನನ್ನ ಶಿಷ್ಯೆಯರ ವಯಸ್ಸು. ಕುರ್ಚಿ ಹಿಂದಕ್ಕೆ ಬಾಗಿಸಿ, ದೀಪ ಹತ್ತಿಸಿ, "ಅಮ್ಮಾ, ಬಾಯಿ ತೆಗೆಯಿರಿ, ನೋಡೋಣ" ಅಂದಳು. ತೆಗೆದೆ. "ಇನ್ನೂ ಸ್ವಲ್ಪ." "ಇಷ್ಟೇ ಆಗೋದು ಮಗಳೇ." ಅವಳ ಮುಖ ಬದಲಾಯಿತು. "ನಿಮ್ಮ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಇಡಿ" ಅಂದಳು. ನನಗೆ ಎರಡೇ ಬೆರಳು ಹೋಯಿತು. ಬಾಯಿ ಸಣ್ಣದಾಗುತ್ತಾ ಬಂದದ್ದು ನನಗೇ ಗೊತ್ತಾಗಿರಲಿಲ್ಲ. ತುತ್ತು ಚಿಕ್ಕದು ಮಾಡಿಕೊಂಡದ್ದು ಉರಿಗೆ ಎಂದುಕೊಂಡಿದ್ದೆ.

ಕೈಗವಸು ಹಾಕಿಕೊಂಡು ಕೆನ್ನೆಯ ಒಳಗೆ ಬೆರಳಾಡಿಸಿದಳು. ನಾಲಗೆಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಪಕ್ಕ ನೋಡಿದಳು. ಕತ್ತು ಒತ್ತಿ ನೋಡಿದಳು. ಹತ್ತು ನಿಮಿಷವೂ ಹಿಡಿಯಲಿಲ್ಲ. ಅದುವರೆಗೆ ಐದು ಜನ ವೈದ್ಯರನ್ನು ಕಂಡಿದ್ದೆ. ಬಾಯಿ ಉರಿ ಎಂದು ಹೋದವಳ ಬಾಯಿಗೆ ಬೆಳಕು ಹಿಡಿದವರು ಒಬ್ಬರೂ ಇರಲಿಲ್ಲ. ಸ್ಟೆತಾಸ್ಕೋಪ್ ಎದೆಗೆ ಇಟ್ಟರು, ಬಿ.ಪಿ. ನೋಡಿದರು, ರಕ್ತ ತೆಗೆದರು. ಬಾಯಿ ಮಾತ್ರ ನೋಡಲಿಲ್ಲ.

ಆಮೇಲೆ ಆ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಇಲ್ಲಿಂದ ಮುಂದೆ ತಾಯಂದಿರು ಸ್ವಲ್ಪ ಗಮನವಿಟ್ಟು ಕೇಳಬೇಕು. ಹಿಂದಿನ ವೈದ್ಯರಲ್ಲಿ ಇಬ್ಬರು ನನ್ನನ್ನು, "ಏನಾದ್ರೂ ಚಟ ಇದೆಯಾ?" ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ಸುಳ್ಳು ಹೇಳಿರಲಿಲ್ಲ. ಮೇಷ್ಟ್ರ ಕೆಲಸದವಳು, ಮಠಕ್ಕೆ ಬರುವವಳು, ನನಗೆಲ್ಲಿಯ ಚಟ? ಗುಟ್ಕಾ ಮುಟ್ಟಿದವಳಲ್ಲ, ಹೊಗೆಸೊಪ್ಪು ಕಂಡರೆ ಆಗದು. ಈ ಹುಡುಗಿ ಚಟದ ಮಾತೇ ಎತ್ತಲಿಲ್ಲ. "ಊಟ ಆದ್ಮೇಲೆ ಏನು ಹಾಕ್ಕೊಳ್ತೀರಮ್ಮ?" ಎಂದು ಕೇಳಿದಳು. "ಎಲೆ ಅಡಿಕೆ, ಇನ್ನೇನು" ಅಂದೆ. "ಊಟ ಆದ್ಮೇಲೆ ಮಾತ್ರಾನಾ?" ನಾನು ಎಣಿಸತೊಡಗಿದೆ. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು. ಶಾಲೆಯ ಬಿಡುವಿನಲ್ಲಿ ಒಂದು. ಮಧ್ಯಾಹ್ನ ಊಟಕ್ಕೆ ಒಂದು. ಸಂಜೆ ಮನೆಗೆ ಬಂದು ಒಂದು. ಯಾರಾದರೂ ಬಂದರೆ ಅವರ ಜೊತೆ ಒಂದು. ರಾತ್ರಿ ಊಟಕ್ಕೆ ಒಂದು. ಮಲಗುವಾಗ ಒಂದು ಚೂರು ಅಡಿಕೆ ಕೆನ್ನೆಯಲ್ಲಿ. "ಯಾವ ಕೆನ್ನೆ?" ಅಂದಳು. ನನ್ನ ಕೈ ತಾನಾಗಿಯೇ ಎಡಗೆನ್ನೆಗೆ ಹೋಯಿತು.

ನಮ್ಮದು ಅಡಿಕೆ ಸೀಮೆ. ಚನ್ನಗಿರಿ ಕಡೆಯ ತೋಟದ ಮನೆಗೆ ಸೊಸೆಯಾಗಿ ಬಂದವಳು ನಾನು. ಬಂದ ಮೊದಲ ದಿನ ಅತ್ತೆ ನನ್ನ ಕೈಗೆ ಕೊಟ್ಟದ್ದು ಎಲೆಅಡಿಕೆ ಸಂಚಿ ಮತ್ತು ಅಡಕತ್ತರಿ. ನಮ್ಮಲ್ಲಿ ನೆಂಟರಿಗೆ ನೀರು ಕೊಟ್ಟ ಮೇಲೆ ತಟ್ಟೆ ಬರುತ್ತದೆ. ಮದುವೆ ಗೊತ್ತಾದರೆ ಎಲೆ ಅಡಿಕೆ, ಮಗು ಹುಟ್ಟಿದರೆ ಎಲೆ ಅಡಿಕೆ, ಯಾರಾದರೂ ಲಿಂಗೈಕ್ಯರಾದರೆ ಬಂದವರಿಗೂ ಎಲೆ ಅಡಿಕೆ. ಇದಕ್ಕೆ ಚಟ ಎಂದು ಹೆಸರಿಡುವವರು ಯಾರು? ವೈದ್ಯರ ಪ್ರಶ್ನೆಯಲ್ಲಿ ನನ್ನ ಬದುಕು ಇರಲಿಲ್ಲ. ನನ್ನ ಉತ್ತರದಲ್ಲಿ ನನ್ನ ಅಡಿಕೆ ಇರಲಿಲ್ಲ. ಹೀಗೆ 14 ತಿಂಗಳು ನಾವಿಬ್ಬರೂ ಒಬ್ಬರಿಗೊಬ್ಬರು ಸಿಗಲೇ ಇಲ್ಲ.

ಹುಡುಗಿ ಪ್ರಾಧ್ಯಾಪಕರನ್ನು ಕರೆತಂದಳು. ಅವರು ಎರಡು ವಿಷಯ ಹೇಳಿದರು. ಮೊದಲನೆಯದು, ಬಾಯಿ ತೆರೆಯದಂತೆ ಮಾಡುವ ರೋಗ. ಅದರ ಹೆಸರು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಅಂಶವಿದೆ. ಅದು ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆಯುವಂತೆ ಮಾಡುತ್ತದೆ. ಬೆಳೆದ ನಾರು ಕರಗುವುದಿಲ್ಲ, ಗಟ್ಟಿಯಾಗುತ್ತಾ ಹೋಗುತ್ತದೆ. ಮೊದಲು ಖಾರ ಉರಿಯುತ್ತದೆ, ಆಮೇಲೆ ಕೆನ್ನೆ ಬಿಳಿಚಿಕೊಂಡು ಬಿಗಿಯಾಗುತ್ತದೆ, ಕೊನೆಗೆ ಬಾಯಿ ತೆರೆಯುವುದು ಕಷ್ಟವಾಗುತ್ತದೆ. ತಂಬಾಕು ಬೇಕೇ ಬೇಕು ಎಂದಿಲ್ಲ, ಅಡಿಕೆ ಒಂದೇ ಸಾಕು. ಎರಡನೆಯದು, ಎಡಗೆನ್ನೆಯೊಳಗಿನ ಬಿಳಿ ಮಚ್ಚೆ. ಅದರ ನಡುವೆ ಕೆಂಪು ಇತ್ತು. "ಇದರ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು" ಅಂದರು. ಬಯಾಪ್ಸಿ ವರದಿ ಬಂತು. ಕ್ಯಾನ್ಸರ್. ಆರಂಭದ ಹಂತ.

ಆಮೇಲಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಶಸ್ತ್ರಚಿಕಿತ್ಸೆಯಲ್ಲಿ ಕೆನ್ನೆಯ ಒಳಭಾಗ ಸ್ವಲ್ಪ ತೆಗೆದರು, ಕತ್ತಿನ ಗಂಟುಗಳನ್ನೂ ತೆಗೆದರು. ತೊಡೆಯ ಚರ್ಮ ತಂದು ಅಲ್ಲಿ ಹಾಕಿದರು. ಬಾಯಿ ತೆರೆಯುವ ವ್ಯಾಯಾಮ ಇಂದಿಗೂ ಮಾಡುತ್ತೇನೆ. ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಶಾಲೆಗೆ ಮರಳಿದೆ. ಹಾಜರಿ ಕೂಗುವಾಗ ಮಕ್ಕಳ ಹೆಸರುಗಳು ಬಾಯಲ್ಲಿ ಬೇರೆಯಾಗಿ ಬಂದವು. ಯಾರೂ ನಗಲಿಲ್ಲ. ಮೂರನೆಯ ದಿನ ಮುಂದಿನ ಬೆಂಚಿನ ಹುಡುಗ ಎದ್ದು, "ಮಿಸ್, ಹಾಜರಿ ನಾನು ಕೂಗ್ಲಾ?" ಅಂದ. ಪುಸ್ತಕ ಅವನ ಕೈಗೆ ಕೊಟ್ಟೆ. ಅಂದು ಮನೆಗೆ ಬಂದು ಅತ್ತೆ. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ.

ಇಷ್ಟು ನನ್ನ ಕಥೆ. ಕಥೆ ಹೇಳಿ ಕೂರಲು ನಾನು ಬಂದಿಲ್ಲ. ಮೇಷ್ಟ್ರಾದ್ದರಿಂದ ಆಮೇಲೆ ಸ್ವಲ್ಪ ಓದಿದೆ. ಓದಿದ್ದರಲ್ಲಿ ಮೂರು ಸಂಗತಿ ನಿಮಗೆ ಹೇಳಬೇಕು.

ಒಂದು. ಬಾಯಿ ಬಿಗಿಯುವ ಈ ರೋಗವನ್ನು ಆಧುನಿಕ ವೈದ್ಯಶಾಸ್ತ್ರ ಮೊದಲು ವಿವರಿಸಿದ್ದು 1952ರಲ್ಲಿ. ಶ್ವಾರ್ಟ್ಸ್ ಎಂಬ ವೈದ್ಯರು ಆಫ್ರಿಕಾದ ಕೀನ್ಯಾದಲ್ಲಿದ್ದ ಐವರನ್ನು ನೋಡಿ ಬರೆದರು. ಆ ಐವರೂ ಭಾರತೀಯ ಮೂಲದ ಹೆಂಗಸರು. ಮರುವರ್ಷವೇ ನಮ್ಮ ದೇಶದ ವೈದ್ಯ ಎಸ್. ಜಿ. ಜೋಶಿ ಅವರು ಇಲ್ಲಿನ ರೋಗಿಗಳ ಬಗ್ಗೆ ಬರೆದರು. ಇದನ್ನು ಓದಿದಾಗ ನನಗೆ ವಿಚಿತ್ರವಾಗಿ ಸಮಾಧಾನವಾಯಿತು. ನನಗಿಂತ ಎಷ್ಟೋ ವರ್ಷ ಮೊದಲು, ಸಮುದ್ರದಾಚೆ ಐವರು ಅಕ್ಕತಂಗಿಯರು ಹೀಗೇ ಕೂತು ಬಾಯಿ ತೆರೆಯಲಾಗದೆ ಒದ್ದಾಡಿದ್ದರು, ಒಬ್ಬರು ಅವರನ್ನು ನೋಡಿದ್ದರು. ಹಾಗಾದರೆ ಇದು ನನ್ನ ಮನಸ್ಸಿನ ಆಟವಲ್ಲ.

ಎರಡು. ಬಾಯಿ ಉರಿಯೆಲ್ಲ ಕ್ಯಾನ್ಸರ್ ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ, ಇಂದು ರಾತ್ರಿ ಯಾರೂ ನಿದ್ದೆಗೆಡಬಾರದು. ಕಬ್ಬಿಣದ ಅಂಶ, ಬಿ12 ಕಡಿಮೆಯಾದರೂ ಉರಿಯುತ್ತದೆ. ಸಕ್ಕರೆ ಕಾಯಿಲೆಯಿದ್ದರೆ, ಬಾಯಲ್ಲಿ ಬೂಷ್ಟು ಬೆಳೆದರೆ, ಕಟ್ಟಿಸಿದ ಹಲ್ಲು ಸರಿಯಾಗಿ ಕೂರದಿದ್ದರೆ ಉರಿಯುತ್ತದೆ. ಕೆಲವರಿಗೆ, ಅದರಲ್ಲೂ ಮುಟ್ಟು ನಿಂತ ಹೆಂಗಸರಿಗೆ, ಬಾಯಿ ನೋಡಿದರೆ ಏನೂ ಕಾಣದೆಯೂ ಉರಿಯುವುದುಂಟು. ಅದೂ ನಿಜವಾದ ಕಾಯಿಲೆಯೇ, ಅವರದ್ದೂ ನಿಜವಾದ ನೋವೇ. ಆದ್ದರಿಂದ ನನ್ನ ನಾಲ್ಕನೆಯ ವೈದ್ಯರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅಂಥ ಕಾಯಿಲೆ ಇದೆ. ಆದರೆ ಉಳಿದದ್ದೆಲ್ಲ ಇಲ್ಲ ಎಂದು ನೋಡಿ ಖಚಿತ ಮಾಡಿಕೊಂಡ ಮೇಲೆ ಹೇಳಬೇಕಾದ ಮಾತು ಅದು. ಅವರು ಅದನ್ನು ನೋಡುವ ಮೊದಲೇ ಹೇಳಿಬಿಟ್ಟರು. ನನ್ನ ದೂರು ಅಷ್ಟೇ.

ಮೂರು. ನೋಡುವುದರಿಂದ ಜೀವ ಉಳಿಯುತ್ತದೆ. ಇದು ನನ್ನೊಬ್ಬಳ ಮಾತಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಜನರ ಬಾಯಿ ತೆರೆಸಿ ನೋಡಿದರು. ಅವರು ವೈದ್ಯರೂ ಅಲ್ಲ, ದೊಡ್ಡ ಯಂತ್ರವೂ ಅವರ ಬಳಿ ಇರಲಿಲ್ಲ. ಅನುಮಾನ ಬಂದವರನ್ನು ವೈದ್ಯರ ಬಳಿಗೆ ಕಳಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಬರೀ ನೋಡಿದ್ದಕ್ಕೆ! ನಮ್ಮ ಸರ್ಕಾರದ ಕಾರ್ಯಕ್ರಮದಲ್ಲೂ 30 ವರ್ಷ ದಾಟಿದವರಿಗೆಲ್ಲ ಬಿ.ಪಿ., ಸಕ್ಕರೆ ಕಾಯಿಲೆಯ ಜೊತೆಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಕೇಳಿ. ಅವರು ಕೇಳದಿದ್ದರೂ ನೀವೇ ಕೇಳಿ.

ಈಗ ಕಷ್ಟದ ಮಾತು. ಮುಂದಿನ ಸಾಲಿನಲ್ಲಿ ಕೂತಿರುವವರಲ್ಲಿ ಅರ್ಧ ಜನ ಅಡಿಕೆ ಬೆಳೆಗಾರರು ಎಂದು ನನಗೆ ಗೊತ್ತು. ನಮ್ಮ ಯಜಮಾನರೂ ಅವರ ಮಧ್ಯೆಯೇ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ, ತಂಬಾಕು ಬೆರೆಸದ ಎಲೆ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದಿತು. ಅಡಿಕೆಯನ್ನು ತಂಬಾಕಿನ ಸಾಲಿನಲ್ಲೇ, ಮೊದಲನೆಯ ಗುಂಪಿನಲ್ಲೇ ಇಟ್ಟಿತು. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ನಾನೇ ಮಕ್ಕಳಿಂದ ಜಾಥಾ ಮಾಡಿಸಿ ಘೋಷಣೆ ಕೂಗಿಸಿದ್ದೆ. ಜಾಥಾ ಮುಗಿಸಿ ಬಂದು ಶಿಕ್ಷಕರ ಕೋಣೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡಿದ್ದೆ. ನಮ್ಮ ಮಕ್ಕಳ ಓದು, ನನ್ನ ಚಿಕಿತ್ಸೆಯ ಖರ್ಚು, ಎರಡೂ ಬಂದದ್ದು ಅಡಿಕೆಯಿಂದಲೇ. ಈಗಲೂ ತೋಟ ಇದೆ, ಕೊಯ್ಲು ನಡೆಯುತ್ತದೆ. ನಾಳೆಯೇ ಮರ ಕಡಿಯಿರಿ ಎಂದು ಹೇಳುವ ಬಾಯಿ ನನಗಿಲ್ಲ. ನಾನೂ ಯಜಮಾನರೂ ಈ ವಿಷಯ ಎಷ್ಟೋ ರಾತ್ರಿ ಮಾತಾಡಿದ್ದೇವೆ, ಒಂದು ತೀರ್ಮಾನಕ್ಕೆ ಬಂದಿಲ್ಲ. ನನ್ನ ಬಾಯಿಯಿಂದ ಅಡಿಕೆ ಹೋಗಿದೆ, ನನ್ನ ಮನೆಯಿಂದ ಹೋಗಿಲ್ಲ. ಇದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಆದರೆ ಒಂದು ಕೆಲಸ ಮಾಡಿದೆ. ಗುಣವಾಗಿ ಬಂದ ಮೇಲಿನ ಮೊದಲ ಕೊಯ್ಲಿನಲ್ಲಿ, ನಮ್ಮ ಮನೆಯ ಮುಂದೆ ಅಡಿಕೆ ಸುಲಿಯಲು ಕೂತಿದ್ದ ಹೆಂಗಸರ ನಡುವೆ ನಾನೂ ಕೂತೆ. ಬೆಳಗಿನಿಂದ ಸಂಜೆಯವರೆಗೆ ಸುಲಿಯುತ್ತಾರೆ, ಸುಲಿಯುತ್ತಾ ಬಾಯಿಗೂ ಹಾಕಿಕೊಳ್ಳುತ್ತಾರೆ. ಕೆಲವರು ಹೊಗೆಸೊಪ್ಪು, ಕಡ್ಡಿಪುಡಿಯನ್ನೂ ಸೇರಿಸುತ್ತಾರೆ. ಮೂರು ಬೆರಳು ಇಡಿ ಅಂದೆ. ಆಟ ಎಂದುಕೊಂಡು ನಗುತ್ತಾ ಇಟ್ಟರು. ಒಬ್ಬಳಿಗೆ ಮಾತ್ರ ಒಂದೂವರೆ ಬೆರಳೂ ಹೋಗಲಿಲ್ಲ. ಅವಳಿಗಿನ್ನೂ 35 ವರ್ಷ. ಮಗುವಿಗೆ ಮಾಡಿದ ಗಂಜಿಯಲ್ಲೇ ತಾನೂ ಉಣ್ಣುತ್ತಾಳೆ, ಎರಡು ವರ್ಷದಿಂದ. "ಡಾಕ್ಟ್ರಿಗೆ ತೋರಿಸಿದ್ಯಾ?" ಅಂದೆ. "ತೋರಿಸ್ದೆ ಅಕ್ಕ. ಏನಿಲ್ಲ ಅಂದ್ರು" ಅಂದಳು. ನನ್ನ ಮಾತನ್ನೇ ನನಗೆ ಹೇಳಿದ ಹಾಗಾಯಿತು. ಮರುದಿನವೇ ಬಸ್ಸು ಹತ್ತಿಸಿಕೊಂಡು ದಂತ ಕಾಲೇಜಿಗೆ ಕರೆದುಕೊಂಡು ಹೋದೆ. ಕ್ಯಾನ್ಸರ್ ಇರಲಿಲ್ಲ. ಬಿಗಿತ ಇತ್ತು. ಅಡಿಕೆ ಬಿಡಿಸಿದರು, ಚುಚ್ಚುಮದ್ದು ಕೊಟ್ಟರು, ವ್ಯಾಯಾಮ ಹೇಳಿಕೊಟ್ಟರು. ಪೂರ್ತಿ ಗುಣವಾಗಿಲ್ಲ, ಆಗುವುದೂ ಕಷ್ಟ. ಆದರೆ ಈಗ ಎರಡು ಬೆರಳು ಹೋಗುತ್ತದೆ, ರೊಟ್ಟಿ ನೆನೆಸಿಕೊಂಡು ತಿನ್ನುತ್ತಾಳೆ. ಆರು ತಿಂಗಳಿಗೊಮ್ಮೆ ಇಬ್ಬರೂ ಒಟ್ಟಿಗೆ ತೋರಿಸಿಕೊಂಡು ಬರುತ್ತೇವೆ.

ವೈದ್ಯರನ್ನು ಬೈಯಲು ನಾನು ನಿಂತಿಲ್ಲ. ನನ್ನನ್ನು ಉಳಿಸಿದವರೂ ವೈದ್ಯರೇ. 12ನೇ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣ ಎಂಬ ವೈದ್ಯರೇ ಇದ್ದರು, ಆ ವೃತ್ತಿಯೂ ಕಾಯಕವೇ ಆಗಿತ್ತು. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಒಬ್ಬರಿಗೆ ಹತ್ತು ನಿಮಿಷ ಕೊಡುವುದು ಎಷ್ಟು ಕಷ್ಟ ಎಂಬುದು ಅರವತ್ತು ಮಕ್ಕಳ ತರಗತಿ ನಡೆಸಿದ ನನಗೆ ಗೊತ್ತು. ಆದರೆ ಹಿಂದಿನ ಬೆಂಚಿನ ಹುಡುಗ ಅರ್ಥವಾಗಲಿಲ್ಲ ಎಂದಾಗ "ನಿನಗೆ ಗಮನ ಇಲ್ಲ" ಎಂದು ಕೂರಿಸುವುದು ಪಾಠವಲ್ಲ. ನಾನೂ ಎಷ್ಟೋ ಸಲ ಹಾಗೆ ಕೂರಿಸಿದ್ದೇನೆ. ಈಗ ಆ ಮುಖಗಳು ನೆನಪಿಗೆ ಬರುತ್ತವೆ.

ತಾಯಂದಿರೇ, ಇವಿಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬಾಯಲ್ಲಿ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಯಾವುದಾದರೂ ಎರಡು ವಾರ ದಾಟಿದರೆ ತೋರಿಸಿ. ನೋವಿಲ್ಲ ಎಂದು ಬಿಡಬೇಡಿ, ಶುರುವಿನಲ್ಲಿ ಎಷ್ಟೋ ಸಲ ನೋವಿರುವುದಿಲ್ಲ. ಖಾರ ಉರಿದರೆ, ಬಾಯಿ ಮೊದಲಿನಷ್ಟು ತೆರೆಯದಿದ್ದರೆ, ನುಂಗುವುದು ಕಷ್ಟವಾದರೆ ತೋರಿಸಿ. ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. "ಸ್ವಲ್ಪ ದಿನದಿಂದ" ಎಂದರೆ ವೈದ್ಯರಿಗೆ ಎರಡು ದಿನ ಎಂದು ಕೇಳಿಸುತ್ತದೆ, "ಆರು ವಾರದಿಂದ" ಎನ್ನಿ. ಅವರು ಚಟ ಇದೆಯೇ ಎಂದು ಕೇಳಿದರೆ, ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ, ಏನು ಹಾಕಿಕೊಳ್ಳುತ್ತೀರೋ ಅದರ ಹೆಸರು ಹೇಳಿ, ದಿನಕ್ಕೆ ಎಷ್ಟು ಸಲ ಎಂದೂ ಹೇಳಿ. ಅವರು ಬಾಯಿ ನೋಡದೆ ಚೀಟಿ ಬರೆಯಲು ಹೊರಟರೆ, "ಡಾಕ್ಟ್ರೇ, ಒಂದು ಸಲ ಬೆಳಕು ಹಿಡಿದು ನೋಡ್ತೀರಾ?" ಎಂದು ಕೇಳಿ. ಕೇಳುವುದು ಅವಮರ್ಯಾದೆಯಲ್ಲ. ಮಾತ್ರೆ ಮುಗಿದರೂ ಹಾಗೇ ಇದ್ದರೆ ಮರಳಿ ಹೋಗಿ, ಇಲ್ಲವೇ ನೇರವಾಗಿ ಹಲ್ಲಿನ ವೈದ್ಯರ ಬಳಿಗೆ ಹೋಗಿ. ಹಲ್ಲಿನವರು ಹಲ್ಲು ಮಾತ್ರ ನೋಡುತ್ತಾರೆ ಎಂದು ನಾನೂ ತಿಳಿದಿದ್ದೆ. ಅವರು ಇಡೀ ಬಾಯಿ ನೋಡುವವರು.

ಮನೆಯ ಗಂಡಸರಿಗೂ ಒಂದು ಮಾತು. ವೈದ್ಯರು ನಿಮ್ಮ ಕಡೆ ತಿರುಗಿ ಮಾತಾಡಿದರೆ, "ಅವರನ್ನೇ ಕೇಳಿ" ಎನ್ನಿ. ನಮ್ಮ ಯಜಮಾನರು ಈಗ ಹಾಗೇ ಹೇಳುತ್ತಾರೆ. ಕಲಿತುಕೊಂಡಿದ್ದಾರೆ.

ಗುರುಗಳಲ್ಲಿ ನನ್ನದೊಂದು ಬಿನ್ನಹ. ಜಾತ್ರೆಯಲ್ಲಿ ಕಣ್ಣಿನ ತಪಾಸಣೆ ಇರುತ್ತದೆ, ರಕ್ತದಾನ ಇರುತ್ತದೆ. ಬರುವ ಜಾತ್ರೆಗೆ ಒಂದು ಮೇಜು, ಎರಡು ಕುರ್ಚಿ, ಒಂದು ಒಳ್ಳೆಯ ಬ್ಯಾಟರಿ ದೀಪ, ದಂತ ಕಾಲೇಜಿನಿಂದ ಇಬ್ಬರು ವೈದ್ಯರು, ಇಷ್ಟು ಸಾಕು. ಕರೆತರುವ ಕೆಲಸ ನನ್ನದು. ಪ್ರಸಾದದ ನಂತರ ಎಲೆ ಅಡಿಕೆಯ ತಬಕು ಬರುವ ಪದ್ಧತಿಯ ಬಗ್ಗೆ ಏನು ಮಾಡಬೇಕು ಎಂಬುದನ್ನು ನಾನು ಹೇಳುವುದಿಲ್ಲ. ಅದು ಎಲ್ಲರೂ ಕೂತು ಮಾತಾಡಬೇಕಾದ ವಿಷಯ. ಮಾತಾಡೋಣ ಎಂದಷ್ಟೇ ಕೇಳುತ್ತೇನೆ.

ಈಗ ಪ್ರಸಾದಕ್ಕೆ ಏಳುವ ಹೊತ್ತು. ಕೈ ತೊಳೆಯುವ ಕಡೆ ದೊಡ್ಡ ಕನ್ನಡಿ ಇದೆ, ಬೆಳಕೂ ಚೆನ್ನಾಗಿದೆ. ಕಟ್ಟಿಸಿದ ಹಲ್ಲಿದ್ದರೆ ತೆಗೆದಿಟ್ಟು, ಕೆನ್ನೆ ಎಳೆದು ಎರಡೂ ಕಡೆ ನೋಡಿಕೊಳ್ಳಿ. ನಾಲಗೆ ಎತ್ತಿ ಕೆಳಗೆ ನೋಡಿ, ಪಕ್ಕ ನೋಡಿ. ಮೂರು ಬೆರಳು ನಿಲ್ಲಿಸಿ ಇಟ್ಟು ನೋಡಿ. ಹೋಗದಿದ್ದರೆ ಹೆದರಬೇಡಿ, ಯಾರಿಗೂ ಹೇಳದೆ ಮನೆಗೂ ಹೋಗಬೇಡಿ. ನಾನು ದಾಸೋಹದ ಮನೆಯ ಬಾಗಿಲ ಬಳಿ ಕೂತಿರುತ್ತೇನೆ. ನನ್ನ ಹತ್ತಿರ ಬನ್ನಿ, ಯಾವತ್ತು ಬಸ್ಸಿಗೆ ಹೋಗೋಣ ಎಂದು ಗೊತ್ತು ಮಾಡಿಕೊಳ್ಳೋಣ.